ಶೇಕಡಾ ಎರಡೂಕಾಲು

ಬೋಲ್ಟು ನಟ್ಟಿನಂಗಡಿಯ ಮೇಲೆ ನಮ್ಮ ಆಫೀಸು.
ಮಂಡ್ಯದಲ್ಲಿ ಕಬ್ಬು ಅರೆಯುವ ದಿನಗಳಲ್ಲಿ
ನಕ್ಷೆಗಳಿಗೂ ಕಾಕಂಬಿಯ ವಾಸನೆ.
ಮುನಾವರ್ ಗೆರೆ ಎಳೆಯುತ್ತಾನೆ, ನಾನು ಲೆಕ್ಕ ಬರೆಯುತ್ತೇನೆ,
ತಿಂಗಳ ಕೊನೆಗೆ ಇಬ್ಬರೂ ಫೋನು ನೋಡುತ್ತೇವೆ.

ಈ ಸಲ ಬಂದದ್ದು ನಾಲೆಯ ಕೆಲಸ.
ಕಳ್ಳಿಮೆಳೆ ಕೊಪ್ಪಲಿನವರೆಗೆ ಹದಿಮೂರು ಕಿಲೋಮೀಟರು
ಮಣ್ಣಿನ ಮೈಗೆ ಕಾಂಕ್ರೀಟಿನ ಅಂಗಿ.
ಅಂದಾಜು ಹದಿನೆಂಟು ಕೋಟಿ.
ಸಾಲ ಕೊಟ್ಟವರು ಯಾವುದೋ ದೂರದ ಬ್ಯಾಂಕಿನವರು,
ತೀರಿಸುವವರು ಇನ್ನೂ ಹುಟ್ಟಿಲ್ಲ.
ನಮಗೆ ಶೇಕಡಾ ಎರಡೂಕಾಲು.

ಅದೂ ಒಂದೇ ಸಲಕ್ಕಲ್ಲ.
ಶುರುವಿನ ವರದಿಗೆ ಹತ್ತು, ಸರ್ವೆಗೆ ಇಪ್ಪತ್ತು,
ಕರಡಿಗೆ ಮೂವತ್ತು,
ಉಳಿದದ್ದು ತಾಂತ್ರಿಕ ಮಂಜೂರಾತಿ ಎಂಬ ಹುಣ್ಣಿಮೆಗೆ.
ಅದು ಯಾವ ಮಾಸದ್ದೋ ಪಂಚಾಂಗದವರಿಗೂ ಗೊತ್ತಿಲ್ಲ.
ಬಿಲ್ಲು ಹೊತ್ತು ಹೋದರೆ ಗುಮಾಸ್ತೆ ಪಾರಿಜಾತಮ್ಮ
"ಅನುದಾನ ಬಂದಿಲ್ಲ ಮೇಡಂ" ಅನ್ನುತ್ತಾರೆ,
ಮಗಳ ಮದುವೆಗೆ ಕರೆಯುವಷ್ಟು ಪ್ರೀತಿಯಿಂದ.
ಮಾರ್ಚ್ ಮೂವತ್ತೊಂದರ ರಾತ್ರಿಗಳಲ್ಲಿ
ಖಜಾನೆಯ ಮೆಟ್ಟಿಲ ಮೇಲೆ ಕೂತು ತಿಂದ ಇಡ್ಲಿಗಳನ್ನು
ಯಾವ ಲೆಕ್ಕಶೀರ್ಷಿಕೆಗೆ ಹಾಕಲಿ?

ಸರ್ವೆಗೆ ಜೊತೆ ಬಂದದ್ದು ಹಲಗಯ್ಯ, ಹಳೇ ನೀರುಗಂಟಿ.
ನಾನು ಲೆವೆಲ್ ಯಂತ್ರ ನಿಲ್ಲಿಸುವ ಮೊದಲೇ
ಹೆಬ್ಬೆರಳಲ್ಲಿ ಮಣ್ಣು ಒತ್ತಿ ಹೇಳುತ್ತಿದ್ದ:
"ಇಲ್ಲಿ ಸೋರ್ತದೆ ಕಣವ್ವ.
ಅತ್ತಿಮರದಿಂದ ಆಚ್ಗೆ ನಾಕು ಕಿಲೋಮೀಟ್ರು ಸೋರಕಿಲ್ಲ.
ಎರೆ ಮಣ್ಣು. ಮಡಕೆ ಇದ್ದಂಗದೆ."

ನಂಬಲಿಲ್ಲ ನಾನು. ಗುಂಡಿ ತೋಡಿಸಿ, ನೀರು ತುಂಬಿಸಿ,
ಗಡಿಯಾರ ಹಿಡಿದು ಎರಡು ದಿನ ಕೂತೆ.
ಹೆಬ್ಬೆರಳು ಗೆದ್ದಿತು.
ನಾಲ್ಕು ಕೋಟಿಯ ಕಾಂಕ್ರೀಟು ಬೇಕಿರಲಿಲ್ಲ.

"ನಿಮಗೇನು ಕೊಡ್ತಿದ್ರು, ಆಗೆಲ್ಲ?"
"ಒಕ್ಕಲಿಗೊಂದ್ ಹೊರೆ ಬತ್ತ.
ಕೊನೆ ಬಯಲ ಕಣ ಆಗಗಂಟ ಯಾರೂ ಕೊಡಕಿಲ್ಲ.
ಕೊನೆ ಮಡಿಗೆ ನೀರು ಮುಟ್ಲಿಲ್ವಾ,
ನನ್ ಮನೆಗೂ ಬತ್ತ ಮುಟ್ಟಕಿಲ್ಲ."
ಹೇಳಿ ಬೀಡಿಗೆ ಕಡ್ಡಿ ಗೀರಿದ.
ಅದನ್ನು ಟಿಪ್ಪಣಿ ಪುಸ್ತಕದಲ್ಲಿ
ಚೈನೇಜು ನಾಲ್ಕು ಸಾವಿರದ ಇನ್ನೂರರ ಎದುರು
ಬರೆದುಕೊಂಡೆ, ಯಾಕೆಂದು ತಿಳಿಯದೆ.

ರಾತ್ರಿ ಮುನಾವರ್ ಕ್ಯಾಲ್ಕುಲೇಟರು ಒತ್ತಿದ.
ನಾಲ್ಕು ಕೋಟಿಗೆ ಎರಡೂಕಾಲು: ಒಂಬತ್ತು ಲಕ್ಷ.
ಇನ್ನೊಮ್ಮೆ ಒತ್ತಿದ, ಯಂತ್ರ ಮನಸ್ಸು ಬದಲಿಸೀತು ಎಂಬಂತೆ.
"ಎರಡು ದಿನ ದುಡಿದು ಒಂಬತ್ತು ಲಕ್ಷ ಕಳಕೊಂಡ್ವಿ ಮೇಡಂ."
ಅವನ ತಂಗಿಯ ಬಿ.ಎಡ್. ಫೀಸು ನನಗೆ ಗೊತ್ತಿತ್ತು,
ನನ್ನ ಸೈಟಿನ ಕಂತು ಅವನಿಗೆ ಗೊತ್ತಿತ್ತು.
ಮಾತಾಡದೆ ಕಾಫಿ ತರಿಸಿಕೊಂಡೆವು.

ಇಇ ಸಾಹೇಬರು ಕರಡು ತಿರುವಿ
ಕನ್ನಡಕದ ಮೇಲಿಂದ ನೋಡಿದರು:
"ಬಂದ ದುಡ್ಡು ಖರ್ಚಾಗಬೇಕಲ್ಲಮ್ಮ.
ಉಳಿಸಿದವರಿಗೆ ಪರ್ಸೆಂಟು ಕೊಡೋ ಕಲಮು
ಕರಾರಲ್ಲಿ ಎಲ್ಲಾದ್ರೂ ಇದೆಯಾ?"

ಮನೆಗೆ ಬಂದು ಹುಡುಕಿದೆ. ಎಪ್ಪತ್ತೆರಡು ಪುಟ.
ತಡವಾದರೆ ದಂಡ, ತಪ್ಪಾದರೆ ಕಪ್ಪುಪಟ್ಟಿ,
ಬೂಟಿಗೆ, ಛತ್ರಿಗೆ, ಜೀಪಿನ ಡೀಸೆಲ್ಲಿಗೂ ಸಾಲುಗಳಿದ್ದವು.
ಬೇಡದ್ದನ್ನು ಬೇಡ ಎಂದದ್ದಕ್ಕೆ
ಒಂದು ಖಾಲಿ ಅಂಕಣವೂ ಇರಲಿಲ್ಲ.

ಹದಿನಾಲ್ಕು ಕೋಟಿ ಎಂದೇ ಬರೆದೆ.

ಹಾಗೆಂದು ಇಲ್ಲಿಗೆ ಮುಗಿಸಿದರೆ ಸುಳ್ಳು.
ಹದಿನಾಲ್ಕು ಕೋಟಿ ನಲವತ್ತು ಲಕ್ಷ.
ಅತ್ತಿಮರದ ಬುಡದಿಂದ ನಾನೂರು ಮೀಟರು,
ಅದೇ ಎರೆ ಮಣ್ಣು, ಕಾಂಕ್ರೀಟು ಇರಲಿ ಎಂದೆ.
ನಲವತ್ತು ಲಕ್ಷಕ್ಕೆ ಎರಡೂಕಾಲು: ತೊಂಬತ್ತು ಸಾವಿರ.
ಮುನಾವರ್ ಕಾರಣ ಕೇಳಲಿಲ್ಲ. ಗೆರೆ ಮಾತ್ರ
ಆ ಜಾಗದಲ್ಲಿ ವಸಿ ದಪ್ಪ ಬಿತ್ತು.

ಬಿಲ್ಲು ಇನ್ನೂ ಪಾಸಾಗಿಲ್ಲ.
ಫೀಸಿನ ದಿನ ದಾಟಿ ಹೋಯಿತು; ಅವನ ತಂಗಿ
ಯಾರದೋ ಬಳೆ ಅಡವಿಟ್ಟು ಕಟ್ಟಿದಳಂತೆ.

ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಹಲಗಯ್ಯ ಸಿಕ್ಕಿದ.
"ಆಯ್ತಾ ಕಣವ್ವ, ನಿನ್ ಕಣ?"
"ಕೊನೆ ಬಯಲಿಗೆ ಇನ್ನೂ ಮುಟ್ಟಿಲ್ಲ" ಎಂದೆ.
ಬಾಯ್ತುಂಬ ನಕ್ಕ.
ಅತ್ತಿಮರದ ಸುದ್ದಿ ಅವನು ಎತ್ತಲಿಲ್ಲ.
ಅವನ ಹೆಬ್ಬೆರಳಿನ ಕಡೆ ನಾನೂ ನೋಡಲಿಲ್ಲ.